ಎರಡೂ ಕಡೆ ಹಸಿರು

ನವೆಂಬರ್ ೬, ಬುಧವಾರ

ಇವತ್ತು ಛಾಪಾ ಒತ್ತಿದ ರವಿಕೆ ಖಣಗಳೆಲ್ಲ ಕೆಟ್ಟವು. ಬಟ್ಟೆ ಯಾವುದು, ಶಾಖ ಎಷ್ಟಿತ್ತು, ಎಷ್ಟು ಹೊತ್ತು ಒತ್ತಿದೆ ಎಂದು ಪ್ರತಿ ಸಲವೂ ಬರೆದಿಡಬೇಕಂತೆ. "ಇಲ್ಲಂದ್ರ ಅದೇ ತಪ್ಪ ಮತ್ತ ಮಾಡ್ತೀರಿ, ವಿದ್ಯಕ್ಕಾ" ಎಂದು ಪಂಚಶೀಲಾ ಅಂದಳು. ಅದಕ್ಕೇ ಇವರ ಡ್ರಾದಲ್ಲಿ ಉಳಿದಿದ್ದ ಖಾಲಿ ಡೈರಿ ತೆಗೆದೆ. ಬರೆಯಲು ಕೂತರೆ ಬರೀ ಶಾಖ ಬರೆದು ಏಳುವವಳು ನಾನಲ್ಲ, ಅದೂ ಗೊತ್ತಿದೆ.

ಇವರು ಹೋದ ಮೇಲೆ ಶರಣಬಸವೇಶ್ವರ ಗುಡಿಯ ಹತ್ತಿರದ ಝೆರಾಕ್ಸ್ ಅಂಗಡಿ ನನ್ನ ತಲೆಗೆ ಬಿತ್ತು. ಕಾಲೇಜಿನ ಹುಡುಗರು ಈಗ ನೋಟ್ಸನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ನಾನು ನೊಣ ಹೊಡೆಯುತ್ತ ಕೂತಿರುತ್ತೇನೆ. ಪಕ್ಕದ ಅಂಗಡಿಯ ಪಂಚಶೀಲಾ ಜರ್ಸಿ, ಟೀ ಶರ್ಟುಗಳ ಮೇಲೆ ಸಬ್ಲಿಮೇಷನ್ ಪ್ರಿಂಟು ಮಾಡುತ್ತಾಳೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಮಾತಿನಲ್ಲಿ ನನಗಿಂತ ದೊಡ್ಡವಳು. ಚಿತ್ರವನ್ನು ಕಾಗದದ ಮೇಲೆ ಛಾಪಿಸುವುದು, ಕಾಗದವನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಕಾದ ಪ್ರೆಸ್ಸಿನಲ್ಲಿ ಒತ್ತುವುದು. ಶಾಯಿ ಆವಿಯಾಗಿ ಎಳೆಯೊಳಗೆ ಹೋಗಿಬಿಡುತ್ತದೆ. ಅವಳು ಮಾಡಿದರೆ ಹೋಗುತ್ತದೆ. ಅವಳದೇ ಪ್ರೆಸ್ಸಿನಲ್ಲಿ ನಾನು ಮಾಡಿದರೆ ನೀರಿಗೆ ಹಾಕಿದ ಕೂಡಲೇ ಹೊರಗೆ ಬರುತ್ತದೆ.

ನಾನು ಇದಕ್ಕೆ ಕೈ ಹಾಕಿದ್ದು ವ್ಯಾಪಾರಕ್ಕಲ್ಲ. ಡಿಸೆಂಬರ್ ಎಂಟಕ್ಕೆ ನನ್ನ ಮಗಳು ಭಾಗ್ಯವಂತಿಯ ಕುಬಸ, ಕಮಲಾಪುರದಲ್ಲಿ, ಅವಳ ಅತ್ತೆಯ ಮನೆಯಲ್ಲಿ. ಚೊಚ್ಚಲ ಬಸುರಿಯ ಉಡಿ ತುಂಬುವುದು ತವರಿನ ಕೆಲಸ. ತುಂಬುವವರು ವೈನಿ, ನಮ್ಮಣ್ಣನ ಹೆಂಡತಿ. ಗಂಡ ಇಲ್ಲದವಳ ಕೈಯಿಂದ ಉಡಿ ತುಂಬಿಸುವುದಿಲ್ಲ ಎಂದು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ವೈನಿ ಬಂದು, "ಎಲ್ಲಾ ನಾ ನೋಡ್ಕೋತೀನಿ ವಿದ್ಯಾ, ನೀ ಆರಾಮ ಕುಂದರು" ಅಂದರು, ಅಷ್ಟೆ. ಆರಾಮ ಕೂಡಲು ನನಗೆ ಬರುವುದಿಲ್ಲ. ನನ್ನ ಕೈ ಬೇಡವಾದರೆ ಬೇಡ. ನಾನು ಮಾಡಿದ ಖಣವಾದರೂ ಅವಳ ಉಡಿಯಲ್ಲಿ ಬೀಳಬೇಕು. ಇವರಿದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ನವೆಂಬರ್ ೯, ಶನಿವಾರ

ತಪ್ಪು ಸಿಕ್ಕಿತು. ನಾನು ಒತ್ತಿದ್ದು ಹತ್ತಿಯ ಬಟ್ಟೆ. ಒಳ್ಳೆಯ ಬಟ್ಟೆ ಎಂದರೆ ಹತ್ತಿ ಎಂದು ತಿಳಿದವಳು ನಾನು. ಈ ಶಾಯಿಗೆ ಹತ್ತಿ ಆಗಿಬರುವುದಿಲ್ಲವಂತೆ, ಪಾಲಿಯೆಸ್ಟರೇ ಬೇಕಂತೆ.

ಒಬ್ಬಳೇ ಬಜಾರಿಗೆ ಹೋಗಲು ಮನಸ್ಸಾಗಲಿಲ್ಲ. ಬಟ್ಟೆ ಅಂಗಡಿಗೆ ಹೋಗುವುದಿದ್ದರೆ ಇವರೇ ಕರೆದುಕೊಂಡು ಹೋಗುತ್ತಿದ್ದರು, ಚೌಕಾಸಿಯನ್ನೂ ಇವರೇ ಮಾಡುತ್ತಿದ್ದರು. ಪಂಚಶೀಲಾ ನನ್ನನ್ನು ಮಕ್ಬೂಲನ ಅಂಗಡಿಗೆ ಎಳೆದುಕೊಂಡು ಹೋದಳು. ಅವನು ಬಟ್ಟೆಯ ಥಾನಿನ ತುದಿಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದ. "ದೇಖೋ ಅಕ್ಕಾ, ಬೂದಿ ಆದ್ರ ಹತ್ತಿ. ಹಿಂಗ ಗುಂಡಗ ಕರಗಿದ್ರ ಪಕ್ಕಾ ಪಾಲಿಯೆಸ್ಟರ್" ಅಂದ. ಎಳೆಯ ತುದಿಯಲ್ಲಿ ಸಾಸಿವೆಯಂಥ ಗುಂಡು ನಿಂತಿತು. ನಾನು ತಲೆ ಆಡಿಸುತ್ತ ಪಂಚಶೀಲಾಳ ಹಿಂದೆ ನಿಂತಿದ್ದೆ. ಎಲ್ಲ ಮಾತೂ ಅವಳೇ ಆಡಿದಳು.

ತಂದದ್ದು ಬಿಳಿ ಬಟ್ಟೆ. ಹಸಿರು ಬಟ್ಟೆಯ ಮೇಲೆ ಬೇರೆ ಬಣ್ಣ ಕೂಡುವುದಿಲ್ಲ. ಹಾಗಾಗಿ ಬಿಳಿಯ ಮೇಲೆ ಅಂಚಿನಿಂದ ಅಂಚಿಗೆ ಹಸಿರನ್ನೇ ಒತ್ತಬೇಕು. ಕುಬಸಕ್ಕೆ ಸೀರೆ ಹಸಿರು, ಬಳೆ ಹಸಿರು, ಖಣವೂ ಹಸಿರೇ ಆಗಬೇಕಲ್ಲ.

ನವೆಂಬರ್ ೧೩, ಬುಧವಾರ

ಖಣದ ಮೇಲೆ ತನ್ನ ಹೆಸರು, ಗಂಡ ಅರುಣಕುಮಾರನ ಹೆಸರು, ತಾರೀಖು ಎಲ್ಲ ಹಾಕಬೇಕೆಂದು ಭಾಗ್ಯ ಫೋನಿನಲ್ಲಿ ಹಟ ಹಿಡಿದಳು. ಬಂದವರಿಗೆಲ್ಲ ಅದನ್ನೇ ಕೊಡುವುದು, ನೆನಪು ಉಳಿಯುತ್ತದೆ ಅಂದಳು.

"ಹೆಸರ ಹಾಕಿದ್ರ ಅವರು ಮುಂದಿನ ಮನಿಗೆ ಹ್ಯಾಂಗ ದಾಟಸ್ತಾರ ಬೇ?" ಎಂದು ಕೇಳಿದೆ.

ಭಾಗ್ಯ ನಕ್ಕಳು. ಉಡಿಯ ಖಣವನ್ನು ಯಾರು ಹೊಲಿಸುತ್ತಾರೆ? ಇವತ್ತು ನಮ್ಮ ಉಡಿಗೆ ಬಿದ್ದದ್ದು ನಾಳೆ ಇನ್ನೊಬ್ಬರ ಉಡಿಗೆ. ನಾನೇ ಕೊಟ್ಟ ಗಿಳಿಹಸಿರು ಖಣ ಒಂದು ಸಲ ಏಳೆಂಟು ಮನೆ ಸುತ್ತಿ ನನಗೇ ವಾಪಸು ಬಂದಿತ್ತು. ಮೂಲೆಯಲ್ಲಿ ಕುಂಕುಮದ ಕಲೆ ನೋಡಿ ಗುರುತು ಹಿಡಿದಿದ್ದೆ. ಹೆಸರು ಹಾಕಿದರೆ ಖಣ ಅಲ್ಲೇ ನಿಂತುಬಿಡುತ್ತದೆ. ಹೆಸರು ಬೇಡ, ಅಂಚಿಗೆ ಕಮಲಾಪುರದ ಕೆಂಪು ಬಾಳೆಯ ಗೊನೆಗಳನ್ನು ಹಾಕುತ್ತೇನೆ ಎಂದೆ. ಅವಳ ಅತ್ತೆಯ ಮನೆಯವರದು ಕೆಂಬಾಳೆ ತೋಟ, ಖುಷಿಯಾದಳು.

ನವೆಂಬರ್ ೧೮, ಸೋಮವಾರ

ಬಾಳೆ ಈರುಳ್ಳಿ ಬಣ್ಣಕ್ಕೆ ಬಂತು. ಕೆಂಪು ಹೆಚ್ಚಿಸಿದರೆ ಗುಲಾಬಿ. ಕಪ್ಪು ಸೇರಿಸಿದರೆ ಬದನೆಕಾಯಿ. ಒಂದರಲ್ಲಿ ಕಾಗದ ಜರುಗಿ ಒಂದು ಗೊನೆ ಇದ್ದಲ್ಲಿ ಎರಡಾಯಿತು. ಇನ್ನೊಂದರಲ್ಲಿ ಎಲ್ಲಿಂದಲೋ ಬಿದ್ದ ಧೂಳಿನ ಎಳೆ ನೀಲಿ ಗೀರಾಗಿ ಕೂತಿದೆ. ಒತ್ತುವ ಮೊದಲು ಬಟ್ಟೆ ಒರೆಸಬೇಕು, ಒಣ ಶಾಖ ಕೊಟ್ಟು ತೇವ ತೆಗೆಯಬೇಕು. ಬರೆದಿದ್ದೇನೆ.

ಸಿಟ್ಟು ಬಂದು ನಾಲ್ಕು ಗಂಟೆಗೇ ಅಂಗಡಿ ಮುಚ್ಚಿದೆ.

ನವೆಂಬರ್ ೨೦, ಬುಧವಾರ

ಬಂತು! ನಿಜವಾದ ಹಣ್ಣನ್ನು ಪಕ್ಕದಲ್ಲಿಟ್ಟು ನೋಡಿದೆವು. ಅದೇ ಕೆಂಪು. ಕಾಗದದ ಮೇಲೆ ಮಂಕಾಗಿ ಕಂಡರೆ ಹೆದರಬಾರದು, ಶಾಖ ತಾಗಿದ ಮೇಲೆ ಬಣ್ಣ ಏಳುತ್ತದೆ. ಪಂಚಶೀಲಾ ನೋಡಲು ತಂದ ಹಣ್ಣನ್ನು ತಿಂದುಬಿಟ್ಟಳು. ನಾಳೆ ಕಮಲಾಪುರಕ್ಕೆ ಮಾದರಿ ಒಯ್ಯುತ್ತೇನೆ.

ನವೆಂಬರ್ ೨೧, ಗುರುವಾರ

ಭಾಗ್ಯಳ ಅತ್ತೆ ಶಂಕ್ರಮ್ಮನವರ ತವರು ನೆಹರು ಗಂಜಿನ ತೊಗರಿ ವ್ಯಾಪಾರದವರು. ಕಾಳು ನೋಡುವ ಹಾಗೆ ಬಟ್ಟೆಯನ್ನೂ ನೋಡುತ್ತಾರೆ. ಅಂಗೈ ಮೇಲೆ ಹಾಕಿಕೊಂಡು ಉಜ್ಜಿದರು, ಬಾಗಿಲಿನ ಬೆಳಕಿಗೆ ಹಿಡಿದರು.

"ಬಣ್ಣ ಭಾಳ ಛಲೋ ಬಂದದ ಬೀಗತ್ಯಾರ. ಬಾಳಿಕಾಯಂತೂ ನಮ್ಮ ತೋಟದ್ದೇ" ಅಂದರು. ನಾನು ಹಿಗ್ಗಿದೆ. ಆಗ ಖಣವನ್ನು ತಿರುವಿ ಹಾಕಿದರು.

"ಇದೇನ್ರೀ, ಹಿಂದ ಬೆಳ್ಳಗದ?"

"ಛಾಪಾ ಒಂದೇ ಕಡಿ ಕೂಡ್ತದ್ರಿ. ಹೊಲಿಸಿದ್ರ ಹಿಂದಿನ ಕಡಿ ಕಾಣಂಗಿಲ್ಲ."

"ಉಡ್ಯಾಗ ಹೊಲಿಸಿದ್ದು ಹಾಕ್ತಾರೇನ್ರಿ? ಬಿಚ್ಚಿದ ಖಣ ಹಾಕ್ತಾರ. ಬಸರಿ ಹೆಂಗಸಿನ ಉಡ್ಯಾಗ ಬಿಳಿ ಬಟ್ಟಿ ಬೀಳಬಾರದು. ಕೂಡಿದ ಮಂದಿ ಏನಂದಾರು? ಅದರಾಗ ನೀವು ತಂದದ್ದು..."

ಅಲ್ಲಿಗೇ ನಿಲ್ಲಿಸಿದರು. ಕೆಟ್ಟವರಲ್ಲ, ಆಡಿದ ಮೇಲೆ ಅವರಿಗೇ ನಾಚಿಕೆಯಾಗಿ ಚಹ ಮಾಡಲು ಒಳಗೆ ಹೋದರು. ಭಾಗ್ಯ ನೆಲ ನೋಡುತ್ತ ಕೂತಿದ್ದಳು. ನಾನು ಖಣ ಮಡಚಿ ಚೀಲಕ್ಕೆ ಹಾಕಿದೆ. ಹಸಿರು ಒಳಗೆ ಹೋಯಿತು, ಬಿಳಿ ಹೊರಗೆ ಉಳಿಯಿತು. ಮತ್ತೆ ಬಿಚ್ಚಿ ಮಡಚದೆ ಹಾಗೇ ಎದ್ದೆ.

ಹುಮನಾಬಾದಿನಿಂದ ಬಂದ ಬಸ್ಸು ಹತ್ತಿ ಕಲಬುರಗಿಗೆ ಬಂದೆ. ಖೂಬಾ ಪ್ಲಾಟಿನ ಮನೆಯ ಬೀಗ ತೆಗೆಯುವವರೆಗೂ ಅಳು ತಡೆದಿದ್ದೆ.

ನವೆಂಬರ್ ೨೨, ಶುಕ್ರವಾರ

ಅಂಗಡಿ ತೆಗೆಯಲಿಲ್ಲ.

ನವೆಂಬರ್ ೨೫, ಸೋಮವಾರ

ಪಂಚಶೀಲಾ ಮನೆಗೇ ಬಂದಳು. ಎಲ್ಲ ಕೇಳಿಕೊಂಡು ಮೂಗಿನ ಮೇಲೆ ಬೆರಳಿಟ್ಟಳು.

"ನಮ್ಮ ಬೌದ್ಧ ಮಂದ್ಯಾಗ ಮದಿಮಗಳೇ ಬಿಳಿ ಸೀರಿ ಉಟ್ಕೊಂಡು ಮದಿ ಆಗ್ತಾಳ. ನಾನೂ ಉಟ್ಟಿದ್ದೆ. ಏನಾಗ್ಯದ ನನಗ? ಗುಂಡ ಕಲ್ಲಿನಂಗ ಇದ್ದೀನಿ."

"ನಿಮ್ಮ ಮಂದ್ಯಾಗ ಹುಟ್ಟಬೇಕಿತ್ತು ನಾ" ಅಂದೆ.

"ಬರ್ರಿ, ಯಾರ ಬ್ಯಾಡಂದಾರ? ಖರೆ ಮೊದ್ಲು ಖಣ ಮುಗಸ್ರಿ" ಅಂದಳು. ನಗು ಬಂತು. ಎಷ್ಟೋ ದಿನದ ಮೇಲೆ ಬಂದದ್ದಕ್ಕೋ ಏನೋ, ಬೇಗ ನಿಲ್ಲಲಿಲ್ಲ.

ಹಿಂಬದಿಯನ್ನೂ ಒತ್ತಿ ನೋಡಿದೆವು. ಎರಡನೇ ಸಲ ಶಾಖ ತಾಗಿದ ಕೂಡಲೇ ಮೊದಲ ಕಡೆಯ ಬಾಳೆಗೊನೆ ಮತ್ತೆ ಎದ್ದು ಕೆಳಗೆ ಹಾಸಿದ ಕಾಗದಕ್ಕೆ ಅಂಟಿತು. ಹಿಂದೆ ಹಸಿರು ಬಂದರೆ ಮುಂದೆ ಮಂಕು. ಎರಡೂ ಕಡೆ ಚಿತ್ರವನ್ನು ಗೊನೆಗೆ ಗೊನೆ ಕೂಡಿಸುವುದಂತೂ ಆಗದ ಮಾತು ಎಂದು ಪಂಚಶೀಲಾ ಕೈ ಚೆಲ್ಲಿದಳು.

ನವೆಂಬರ್ ೨೮, ಗುರುವಾರ

ರೊಟ್ಟಿ ಬಡಿಯುವಾಗ ಹೊಳೆಯಿತು ಎಂದು ಬರೆದರೆ ಚಂದ ಇರುತ್ತಿತ್ತು. ಹಾಗೇನೂ ಇಲ್ಲ, ಪ್ರೆಸ್ಸಿನ ಮುಂದೆ ಬೆವರುತ್ತ ನಿಂತಾಗಲೇ ಹೊಳೆಯಿತು. ಹಿಂದೆ ಗೊನೆ ಯಾಕೆ ಬೇಕು? ಶಂಕ್ರಮ್ಮನವರಿಗೆ ಬೇಕಾದದ್ದು ಬಿಳಿ ಕಾಣದಿರುವುದು. ಹಿಂದೆ ಬರೀ ಹಸಿರು ಸಾಕು, ಅದಕ್ಕೆ ಕೂಡಿಸುವ ತೊಂದರೆ ಇಲ್ಲ.

ಕೆಳಗೆ ಬರೀ ಹಸಿರು ಕಾಗದ, ನಡುವೆ ಬಟ್ಟೆ, ಮೇಲೆ ಗೊನೆಯ ಕಾಗದ. ಮೂರನ್ನೂ ಸೇರಿಸಿ ನಾಲ್ಕು ಕಡೆ ಶಾಖ ತಾಳುವ ಟೇಪು ಹಚ್ಚಿದೆ. ಒತ್ತಿ, ಹೊರಗೆ ತೆಗೆದು, ರೊಟ್ಟಿ ತಿರುವಿದ ಹಾಗೆ ತಿರುವಿ, ಮತ್ತೆ ಒತ್ತಿದೆ. ಕಾಗದ ಎರಡೂ ಕಡೆ ಬಿಗಿಯಾಗಿ ಇರುವುದರಿಂದ ಎದ್ದ ಬಣ್ಣಕ್ಕೆ ಬೇರೆಲ್ಲೂ ಓಡಲು ದಾರಿಯಿಲ್ಲ. ದಪ್ಪ ಬಟ್ಟೆಗೆ ಹಿಂದೆ ಹಸಿರು ತೆಳುವಾಗಿ ಬಂತು.

ಬಟ್ಟೆ ತೆಳುವಾಗಬೇಕು. ಮಧ್ಯಾಹ್ನವೇ ಮಕ್ಬೂಲನ ಅಂಗಡಿಗೆ ಹೋದೆ. ಮೊದಲು ತೋರಿಸಿದ್ದರಲ್ಲಿ ಹತ್ತಿ ಬೆರಕೆ ಇತ್ತು. ನಾನೇ ಕಡ್ಡಿ ಗೀರಿ ಎಳೆ ಸುಟ್ಟು ಅವನ ಮುಂದೆ ಹಿಡಿದೆ. "ಅರೇ ಅಕ್ಕಾ, ನನ್ನ ಇಲ್ಮ್ ನನಗೇ ಕಲಸಾಕತ್ತೀರಿ" ಎಂದು ನಕ್ಕು ಅಟ್ಟದ ಮೇಲಿಂದ ಬೇರೆ ಥಾನು ಇಳಿಸಿದ. ತೆಳು, ನುಣುಪು, ಕೈಯಲ್ಲಿ ನಿಲ್ಲುವುದೇ ಇಲ್ಲ. ತಂದು ಒತ್ತಿದೆ.

ಎರಡೂ ಕಡೆ ಹಸಿರು. ಕೆಂಪು ಬಾಳೆ ಮುಂದೆ. ಬಿಳಿ ಎಲ್ಲೂ ಇಲ್ಲ, ಅಂಚಿನಲ್ಲೂ ಇಲ್ಲ. ಪಂಚಶೀಲಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ "ನನಗೂ ಕಲಸ್ರಿ" ಅಂದಳು.

ಡಿಸೆಂಬರ್ ೨, ಸೋಮವಾರ

ಶಂಕ್ರಮ್ಮನವರಿಗೆ ಖಣ ಒಪ್ಪಿಗೆಯಾಯಿತು. ಅರುಣಕುಮಾರ ಕಲಬುರಗಿಗೆ ಬಂದಿದ್ದಾಗ ಅವನ ಕೈಲಿ ಕಳಿಸಿದ್ದೆ. ಹಿಂದೆ ಮುಂದೆ ತಿರುವಿ ನೋಡಿ "ಇದು ಹಾಕಬಹುದು" ಅಂದರಂತೆ. ಮೊದಲ ಖಣ ಭಾಗ್ಯಳ ಉಡಿಗೆ, ಉಳಿದವು ಬಂದ ಹೆಣ್ಣುಮಕ್ಕಳಿಗೆ. ನನಗೆ ಬೇಕಾದದ್ದು ಅಷ್ಟೇ.

ಸಂಜೆ ಭಾಗ್ಯ ಫೋನು ಮಾಡಿದಳು. ಮಾತು ಸುತ್ತಿ ಸುತ್ತಿ ಬಂತು.

"ಅವ್ವಾ, ನೀ ಬರೋದಂತೂ ಬರಬೇಕು. ಖರೆ ಉಡಿ ತುಂಬೋ ಹೊತ್ತಿಗೆ ಸ್ವಲ್ಪ ಒಳಗ ಇರ್ತೀ? ಇಲ್ಲಿ ಮಂದಿ ಬಾಯಿ ನಿನಗ ಗೊತ್ತಿಲ್ಲ. ನಾ ಇಲ್ಲೇ ಬಾಳ್ವಿ ಮಾಡಬೇಕಲ್ಲ."

"ಇರ್ತೀನಿ ಬೇ, ಅದಕ್ಯಾಕ ಇಷ್ಟ ಹೆದರ್ತಿ?" ಅಂದೆ.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಫೋನು ಇಟ್ಟ ಮೇಲೆ ಹನ್ನೆರಡು ಖಣ ಒತ್ತಿದೆ, ಒಂದೂ ಕೆಡಲಿಲ್ಲ. ಗಿರಾಕಿಯೊಬ್ಬ ಆಧಾರ್ ಕಾರ್ಡಿನ ಝೆರಾಕ್ಸು ತಡವಾಯಿತೆಂದು ಗೊಣಗಿದ. ಅವಸರವಿದ್ದರೆ ಬೇರೆ ಅಂಗಡಿಗೆ ಹೋಗಪ್ಪ ಎಂದೆ. ಹೋಗಲಿಲ್ಲ, ಕೂತ.

ಡಿಸೆಂಬರ್ ೬, ಶುಕ್ರವಾರ

ಎಲ್ಲ ಖಣ ಮುಗಿದವು. ಮಡಚುವುದೇ ದೊಡ್ಡ ಕೆಲಸ, ಒಂದರ ಮೇಲೊಂದು ಇಟ್ಟರೆ ಇಡೀ ರಾಶಿ ಜಾರಿ ಬೀಳುತ್ತದೆ. ಒಂದು ತುದಿ ಸಿಕ್ಕಿಸಿ ಮಡಚಿದರೆ ನಿಲ್ಲುತ್ತದೆ ಎಂದು ಕಂಡುಕೊಂಡೆ. ಪಂಚಶೀಲಾ ಇವತ್ತು ಅಂಗಡಿ ತೆಗೆಯಲಿಲ್ಲ. ಬಾಬಾಸಾಹೇಬರ ಪರಿನಿರ್ವಾಣದ ದಿನ. ಬಿಳಿ ಸೀರೆ ಉಟ್ಟು ಬಾಗಿಲ ಮುಂದೆ ಹಾದು ಹೋದಳು. ಚಂದ ಕಂಡಳು.

ಡಿಸೆಂಬರ್ ೯, ಸೋಮವಾರ

ನಿನ್ನೆ ಕುಬಸ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯಬೇಕು, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಭಾಗ್ಯಳನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಿದ್ದರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ದಂಡೆ ಮುಡಿದಿದ್ದಳು. ನಾನು ಕೊಟ್ಟ ಮಾತಿನಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನನ್ನ ಪಕ್ಕದಲ್ಲಿ ಶಂಕ್ರಮ್ಮನವರ ನಾದಿನಿ ಗುರುಬಾಯಿ ನಿಂತಿದ್ದರು. ಅವರ ಹಣೆಯೂ ನನ್ನದರ ಹಾಗೆ ಕುಂಕುಮವಿಲ್ಲದ್ದು. ಇಬ್ಬರೂ ಹೋಳಿಗೆಯ ಬುಟ್ಟಿ ಕಾಯುವವರ ಹಾಗೆ ನಿಂತೆವು, ಹೋಳಿಗೆಯನ್ನೇನೂ ಯಾರೂ ಕದಿಯುತ್ತಿರಲಿಲ್ಲ.

ವೈನಿ ನನ್ನ ಖಣ ಬಿಚ್ಚಿ ಭಾಗ್ಯಳ ಸೆರಗಿನ ಮೇಲೆ ಹಾಸಿದರು. ಅದು ಜಾರಿತು. ಮತ್ತೆ ಹಾಸಿ ಅಕ್ಕಿ ಹಾಕಿದರು. ಏಳು ತಿಂಗಳ ಹೊಟ್ಟೆಯ ಇಳಿಜಾರು ಬೇರೆ. ಖಣ ಅಕ್ಕಿಯನ್ನೂ ಕರೆದುಕೊಂಡು ನೆಲಕ್ಕೆ ಇಳಿಯಿತು. ಕೊಬ್ಬರಿ ಬಟ್ಟಲು ಉರುಳಿ ಹಿರಿಯರೊಬ್ಬರ ಕಾಲ ಬಳಿ ಹೋಗಿ ನಿಂತಿತು. ಮೂರನೇ ಸಲವೂ ಹಾಗೇ ಆದಾಗ ನಗುತ್ತಿದ್ದವರು ನಗು ನಿಲ್ಲಿಸಿದರು. ಯಾರೋ "ಹಿಂಗ ಆಗಬಾರದಿತ್ತು" ಅಂದರು. ಭಾಗ್ಯಳ ಮುಖ ಚಿಕ್ಕದಾಯಿತು.

"ಇದನ್ನ ತೆಗದು ಬ್ಯಾರೆ ಖಣ ತರ್ರಿ" ಎಂದು ವೈನಿ ಕೂಗಿದರು.

ಹೇಗೆ ಹೋದೆನೋ ತಿಳಿಯದು. ಹೋಗಬೇಕೆಂದು ಹೋದದ್ದಲ್ಲ. ನನ್ನ ಬಟ್ಟೆ ಸರಿಯಾಗಿ ಕೂಡುತ್ತಿಲ್ಲ, ಅದನ್ನು ಕೂಡಿಸಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಮಣೆಯ ಮುಂದೆ ಕೂತು ಖಣದ ಒಂದು ತುದಿಯನ್ನು ಭಾಗ್ಯಳ ಸೊಂಟದ ನೆರಿಗೆಗೆ ಸಿಕ್ಕಿಸಿದೆ, ಉಳಿದ ತುದಿಗಳನ್ನು ಸೆರಗಿನ ಸಮೇತ ಎಡಗೈ ಮುಷ್ಟಿಯಲ್ಲಿ ಹಿಡಿದೆ. ನಿಂತಿತು. ಆಗ ತಲೆ ಎತ್ತಿದೆ. ಇಡೀ ಪಡಸಾಲೆ ನನ್ನನ್ನು ನೋಡುತ್ತಿತ್ತು.

"ವಿದ್ಯಾ, ನೀ ಹಿಂದಕ್ಕ ಸರಿ" ಎಂದರು ವೈನಿ.

"ಸರೀತೀನಿ ವೈನಿ. ಕೈ ಬಿಟ್ರ ಮತ್ತ ಜಾರ್ತದ. ಹಿಡಿಯೋರು ಯಾರು ಬರ್ರಿ, ಬಿಡ್ತೀನಿ."

ಯಾರೂ ಬರಲಿಲ್ಲ. ನಾಲ್ಕನೇ ಸಲ ಜಾರಿದರೆ ಅದು ತಮ್ಮ ಕೈಯಿಂದ ಜಾರಿದ್ದು ಎಂದಾಗುವುದು ಯಾವ ಮುತ್ತೈದೆಗೂ ಬೇಡವಾಗಿತ್ತು. ನಾನು ಎದ್ದುಹೋಗಲು ಕೈ ಸಡಿಲಿಸುವವಳೇ ಇದ್ದೆ, ಸುಳ್ಳು ಯಾಕೆ ಬರೆಯಲಿ. ಆಗ ಭಾಗ್ಯ ನನ್ನ ಮಣಿಕಟ್ಟು ಹಿಡಿದಳು. ಬಳೆಗಳೆಲ್ಲ ಒಮ್ಮೆಲೇ ಸದ್ದು ಮಾಡಿದವು.

"ಅವ್ವಾ, ಬಿಡಬ್ಯಾಡ" ಅಂದಳು. ಎಲ್ಲರಿಗೂ ಕೇಳುವ ಹಾಗೆ.

ಶಂಕ್ರಮ್ಮನವರು ತಟ್ಟೆ ಹಿಡಿದು ನಿಂತಿದ್ದರು. ಒಮ್ಮೆ ಕೂತವರ ಮುಖ ನೋಡಿದರು, ಒಮ್ಮೆ ಸೊಸೆಯ ಮುಖ ನೋಡಿದರು.

"ಅಕ್ಕಿ ಚೆಲ್ಲಾಕತ್ಯಾವ ಬೀಗತ್ಯಾರ" ಎಂದು ತಟ್ಟೆಯನ್ನು ನನ್ನ ಮುಂದೆ ಇಟ್ಟರು. "ಲಗೂ ತುಂಬ್ರಿ."

ಬಲಗೈ ಖಾಲಿ ಇತ್ತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ. ಐದು ಸಲ ತುಂಬಿದೆ. ಒಂದು ಕಾಳೂ ಕೆಳಗೆ ಬೀಳಲಿಲ್ಲ.

ವೈನಿ ಊಟದ ಹೊತ್ತಿನಲ್ಲಿ ನನ್ನೊಂದಿಗೆ ಮಾತಾಡಲಿಲ್ಲ. ಇಬ್ಬರು ಹೆಂಗಸರು ಖಣ ತೆಗೆದುಕೊಳ್ಳದೆ ಹೋದರು. ಶಂಕ್ರಮ್ಮನವರು ಏನೂ ಆಗಿಲ್ಲ ಎನ್ನುವಂತೆ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದರು, ನನಗೆ ಎರಡು ಚಮಚ ಹೆಚ್ಚೇ ಹಾಕಿದರು. ಭಾಗ್ಯ ನನ್ನ ಜೊತೆಗೇ ಬಂದಿದ್ದಾಳೆ, ಬಾಣಂತನ ಇಲ್ಲೇ. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಮಗಳ ಉಡಿ ನಾನು ತುಂಬಿದೆ ಎಂದು ನನಗೆ ಗೊತ್ತಾದದ್ದು ಆಗ. ಸೆರಗು ಬಾಯಿಗೆ ಹಿಡಿದುಕೊಂಡು ಊರು ಬರುವವರೆಗೂ ಅತ್ತೆ. ಸುಖವಾಗಿತ್ತು.

ಡಿಸೆಂಬರ್ ೧೨, ಗುರುವಾರ

ಪಂಚಶೀಲಾಳಿಗೆ ಎಲ್ಲ ಹೇಳಿದೆ. ಕಣ್ಣು ಒರೆಸಿಕೊಂಡು ಕೂಡಲೇ ಕೆಲಸಕ್ಕೆ ಬಂದಳು: ಆ ಬಟ್ಟೆ ಉಡಿಗೆ ಬರುವುದಿಲ್ಲ, ಮುಂದಿನ ಸಲ ಸ್ವಲ್ಪ ಒರಟು ಎಳೆಯದು ತರಬೇಕು. ಸರಿ ಎಂದು ಮಕ್ಬೂಲನ ಅಂಗಡಿಗೆ ಹೋಗಿ ಜಾರದ ಥಾನೊಂದನ್ನು ನೋಡಿ ಬಂದೆ. ಶಾಯಿ ಚೆನ್ನಾಗಿ ಹಿಡಿಯುತ್ತದೆ, ತೆಳುವೂ ಇದೆ.

ಸಂಜೆ ಕಮಲಾಪುರದಿಂದ ಗುರುಬಾಯಿ, ಅಡುಗೆಮನೆಯ ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದವರು, ಫೋನು ಮಾಡಿದರು. ಸಂಕ್ರಮಣ ಕಳೆದ ಮೇಲೆ ಅವರ ಮಗಳದೂ ಕುಬಸವಂತೆ. ಅವರಿಗೂ ಅಂಥವೇ ಖಣ ಬೇಕಂತೆ.

"ಈ ಸಲ ಛಲೋ ಬಟ್ಟಿ ಸಿಕ್ಕದ್ರಿ. ಉಡ್ಯಾಗ ಹಾಕಿದ್ರ ಅಲ್ಲಾಡಂಗಿಲ್ಲ, ಜಾರಂಗಿಲ್ಲ" ಎಂದೆ.

ಅತ್ತ ಕಡೆ ಗುರುಬಾಯಿ ದನಿ ತಗ್ಗಿಸಿದರು.

"ಬ್ಯಾಡ್ರಿ" ಅಂದರು. "ಆ ಜಾರೋದೇ ಇರ್ಲಿ."